ಬಣ್ಣ ಒರೆಸಿದವಳು

ಶವಪೆಟ್ಟಿಗೆಯ ಗಾಜಿಗೆ ನಾಲ್ಕು ತಿರುಪುಗಳಿದ್ದವು. ಇಸ್ಕಾ ಮೂರನ್ನು ಬಿಚ್ಚಿ ನಾಲ್ಕನೆಯದಕ್ಕೆ ಕೈ ಹಾಕಿದಾಗ ಮರಿಲೂ ಓಡಿಬಂದು ಅವಳ ಮುಂಗೈ ಹಿಡಿದುಕೊಂಡಳು.

"ಏನ್ ಮಾಡ್ತಿದೀರಿ ಚಿಕ್ಕಮ್ಮ?"

"ನಿಮ್ಮಮ್ಮನ ಮುಖ ಒರೆಸ್ಬೇಕು."

"ಒರೆಸೋಕೇನಿದೆ? ಎಷ್ಟ್ ಚೆನ್ನಾಗ್ ಮಾಡಿದಾರೆ. ಹತ್ತು ಗಂಟೆಗೆ ಪಾದ್ರಿಗಳು ಬರ್ತಾರೆ, ಟಿವಿಯವರು ಆಗಲೇ ಹೊರಗೆ ನಿಂತಿದಾರೆ. ಸುಮ್ನೆ ಈ ಕಡೆ ಬನ್ನಿ."

ಚೆನ್ನಾಗಿ ಮಾಡಿದ್ದರು, ಅದರಲ್ಲಿ ಎರಡು ಮಾತಿಲ್ಲ. ನಲವತ್ತು ವರ್ಷ ನಟಿ ಅಂಪಾರೊ ಲಕ್ಸಿನಾಳ ಮುಖಕ್ಕೆ ಬಣ್ಣ ಹಚ್ಚಿದ ಇಸ್ಕಾಳಿಗೂ ಆ ಕೆಲಸದಲ್ಲಿ ಒಂದು ಹುಳುಕೂ ಸಿಗಲಿಲ್ಲ. ತಿದ್ದಿದ ಹುಬ್ಬು, ಗುಲಾಬಿ ಕೆನ್ನೆ, ತುಟಿಗೆ ಕಡುಗೆಂಪು. ಎಪ್ಪತ್ತೆರಡರ ಹೆಂಗಸು ಮೂವತ್ತರವಳಾಗಿ ಮಲಗಿದ್ದಳು. ಮಲಬೋನ್ ಊರಿನ ಈ ಪುಟ್ಟ ಪ್ರಾರ್ಥನಾಮಂದಿರಕ್ಕೆ ಐದು ದಿನದಿಂದ ಬಂದವರೆಲ್ಲ ಗಾಜಿನ ಮೇಲೆ ಬಗ್ಗಿ, ಹಳೇ ಪಿಕ್ಚರಿನಲ್ಲಿದ್ದ ಹಾಗೇ ಇದ್ದಾಳಲ್ಲ ಎಂದು ಫೋಟೊ ತೆಗೆದುಕೊಂಡು, ಕಾಫಿ ಬಿಸ್ಕತ್ತು ಮುಗಿಸಿ ಹೋಗಿದ್ದರು.

ಒಬ್ಬಳು ಮಾತ್ರ ಹಾಗನ್ನಲಿಲ್ಲ. ಮೀನು ಮಾರುವ ಸೆಪಾ ಐದು ದಿನವೂ ಬಂದು, ಗಾಜಿನೊಳಗೆ ಇಣುಕಿ, "ಇದ್ಯಾರು?" ಎಂದು ಕೇಳಿ, ಕೊನೆಯ ಬೆಂಚಿಗೆ ಹೋಗಿ ಕೂರುತ್ತಿದ್ದಳು. ಇವತ್ತೂ ಅಲ್ಲೇ ಕೂತಿದ್ದಳು. ಅವಳು ಇವತ್ತೂ ಆ ಪ್ರಶ್ನೆ ಕೇಳಿದ ಮೇಲೆಯೇ ಇಸ್ಕಾ ತಿರುಪಿಗೆ ಕೈ ಹಾಕಿದ್ದು.

"ಮಾತು ಕೊಟ್ಟಿದೀನಿ ಮರಿಲೂ," ಎಂದಳು ಇಸ್ಕಾ.

"ಯಾರಿಗೆ?"

"ನಿಮ್ಮಮ್ಮಂಗೆ."

*

ಐವತ್ತೆಂಟು ದಾಟಿದ ಮೇಲೆ ದೊಡ್ಡ ಸ್ಟುಡಿಯೊದವರು ಅಂಪಾರೊಳಿಗೆ ಕೊಡುತ್ತಿದ್ದದ್ದು ಒಂದೇ ಪಾತ್ರ, ಸೊಸೆಯ ಕೆನ್ನೆಗೆ ಬಾರಿಸುವ ಅತ್ತೆ. ಹದಿನಾರು ಸೊಸೆಯರಿಗೆ ಬಾರಿಸಿ ಅವಳಿಗೆ ಸಾಕುಸಾಕಾಗಿದ್ದಾಗ ಜೋಮರ್ ಎಂಬ ನಿರ್ದೇಶಕ ಬಂದ. ಅವನ ಕೈಯಲ್ಲಿ ಒಂದು ಸಣ್ಣ ಕ್ಯಾಮೆರಾ, ತಲೆಯಲ್ಲಿ ಬಟ್ಟೆ ಒಗೆಯುವವಳೊಬ್ಬಳ ಕತೆ. ಮೇಕಪ್ ಬೇಡವೇ ಬೇಡ ಎಂದ. ಇಸ್ಕಾ ತಲೆಯಾಡಿಸಿ, ಕಾಣದ ಹಾಗೆ ಹಚ್ಚಿದಳು. ಅದೂ ಅವಳಿಗೆ ಗೊತ್ತಿದ್ದ ವಿದ್ಯೆಯೇ. ಜೋಮರ್ ಕ್ಯಾಮೆರಾದೊಳಗೆ ನೋಡಿದವನು ಎದ್ದುಬಂದು ಒದ್ದೆ ಟವೆಲನ್ನು ಇಸ್ಕಾಳ ಕೈಗೇ ಕೊಟ್ಟ.

"ನೀವೇ ಒರೆಸಿಬಿಡಿ ಅಮ್ಮ."

ಅವಳು ಒರೆಸಿದಳು. ಎಡಗೆನ್ನೆಯ ಸಿಡುಬಿನ ಕುಳಿ, ಕಣ್ಣ ಕೆಳಗಿನ ಕಪ್ಪು, ಬಾಯ ಸುತ್ತಲಿನ ಗೆರೆ, ತಾನು ಇಷ್ಟು ವರ್ಷ ಮುಚ್ಚಿಟ್ಟಿದ್ದೆಲ್ಲ ಬೀದಿ ಬೆಳಕಿಗೆ ಬಂತು. ಆ ದಿನ ಅವಳಿಗೆ ಅನ್ನ ಸೇರಲಿಲ್ಲ.

ಹಾಗೆ ಒಂಬತ್ತು ಸಿನಿಮಾಗಳಾದವು. ಉಡಲು ಸ್ವಂತ ಬಟ್ಟೆ, ಓಡಾಡಲು ಕೊಚ್ಚೆಯ ಓಣಿ, ಹನ್ನೊಂದು ನಿಮಿಷವಾದರೂ ಕಟ್ ಹೇಳದ ಶಾಟು. ಇಸ್ಕಾ ಕೊಡೆ ಹಿಡಿಯಲು ಜೊತೆಗೆ ಹೋಗುತ್ತಿದ್ದಳು. ಒಂದನ್ನೂ ಕೊನೆಯವರೆಗೆ ನೋಡಲಿಲ್ಲ.

"ನಿನ್ನ ಹಾಗೆ ನೋಡೋಕಾಗಲ್ಲ ನನ್ ಕೈಲಿ," ಎಂದಿದ್ದಳು ಒಮ್ಮೆ.

"ಮೊದಲು ನಾನು ಮಾರ್ಕೆಟ್ಟಿಗೆ ಹೋದ್ರೆ ಜನ ಮುಟ್ಟಿ ನೋಡೋರು," ಎಂದಳು ಅಂಪಾರೊ. "ಈಗ ಸ್ಟೂಲ್ ಹಾಕಿ ಕೂರಿಸಿ, ಮಗ ಕುಡೀತಾನೆ, ಸೊಂಟ ನೋವು ಅಂತೆಲ್ಲ ಹೇಳ್ಕೋತಾರೆ ಕಣೇ. ಆ ಸೆಪಾ ಅಂತೂ ನನ್ ಕೈಲೇ ಮೀನಿನ ಪೊರೆ ತೆಗೆಸ್ತಾಳೆ."

ಇಸ್ಕಾಳಿಗೆ ಅದರಲ್ಲಿ ಸಂತೋಷಪಡುವಂಥದ್ದೇನಿದೆ ಎಂದು ತಿಳಿಯಲಿಲ್ಲ.

ಕೊನೆಯ ಸಿನಿಮಾದಲ್ಲಿ ಅಂಪಾರೊ ಸತ್ತ ತಾಯಿ. ಬಾಡಿಗೆಗೆ ತಂದ ಪೆಟ್ಟಿಗೆಯಲ್ಲಿ ಎರಡು ದಿನ ಮಲಗಬೇಕಿತ್ತು. ಮೊದಲ ದಿನವೇ ಇಸ್ಕಾಳ ಜೀವ ಬಾಯಿಗೆ ಬಂತು, ಅಷ್ಟು ನಿಜವಾಗಿ ಸತ್ತಿದ್ದಳು ಅವಳು. ಎರಡನೆಯ ದಿನ ಕೂದಲು ಸರಿಮಾಡುವ ನೆಪದಲ್ಲಿ ಬಗ್ಗಿ, ಬೆರಳ ತುದಿಯಿಂದ ಇಷ್ಟೇ ಇಷ್ಟು ಲಿಪ್‌ಸ್ಟಿಕ್ಕನ್ನು ಅವಳ ತುಟಿಗೆ ಒತ್ತಿದಳು. ಗುಡಿಸಲಿನ ಮಬ್ಬಿನಲ್ಲಿ ಯಾರಿಗೂ ಕಾಣಲಿಲ್ಲ. ಕಂಡದ್ದು ತಿಂಗಳ ಮೇಲೆ, ಎಡಿಟಿಂಗ್ ಮೇಜಿನ ಮುಂದೆ. ಒಂದು ಶಾಟಿನಲ್ಲಿ ಬಿಳಿಚಿಕೊಂಡ ಹೆಣ, ಮರುಶಾಟಿನಲ್ಲಿ ತುಟಿ ಕೆಂಪಾದ ಹೆಣ. ಅಷ್ಟರಲ್ಲಿ ಆ ಪೆಟ್ಟಿಗೆ ಇನ್ಯಾರನ್ನೋ ಹೊತ್ತು ಮಣ್ಣು ಸೇರಿತ್ತು, ಗುಡಿಸಲುಗಳನ್ನು ಕೆಡವಿಹಾಕಿದ್ದರು. ದೃಶ್ಯವನ್ನೇ ಕಿತ್ತುಹಾಕಬೇಕಾಯಿತು. ಅಂಪಾರೊ ಜೀವಮಾನದಲ್ಲಿ ಮಾಡಿದ ಕೆಲಸವೆಲ್ಲ ಒಂದು ತೂಕ, ಅದೊಂದೇ ಒಂದು ತೂಕ ಎಂದು ಜೋಮರ್ ಹೇಳುತ್ತಿದ್ದ ದೃಶ್ಯ ಅದು.

ಅಂಪಾರೊ ಬೈಯಲಿಲ್ಲ. ಇಸ್ಕಾಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ನಿಜವಾಗಿ ಸತ್ತಾಗಾದ್ರೂ ನನ್ನ ಮುಖ ನಂಗೆ ಬಿಡೇ," ಎಂದಳು.

"ಬಿಡ್ತೀನಿ."

*

"ಆ ದೃಶ್ಯ ಹೋಗಿದ್ದು ನಿಮ್ಮಿಂದಾನಾ?" ಇಸ್ಕಾ ಎಲ್ಲ ಹೇಳಿದ ಮೇಲೆ ಮರಿಲೂ ಹಿಡಿದಿದ್ದ ಕೈ ಬಿಟ್ಟಳು. "ಅಮ್ಮ ನಂಗೆ, ಲೈಟು ಕೆಟ್ಟಿತ್ತು ಅಂದಿದ್ಲು."

ಇಸ್ಕಾಳಿಗೆ ಇದು ಗೊತ್ತಿರಲಿಲ್ಲ. ಅಂಪಾರೊ ಮಗಳ ಎದುರಿಗೂ ಇಸ್ಕಾಳನ್ನು ಬಿಟ್ಟುಕೊಟ್ಟಿರಲಿಲ್ಲ.

"ಲೈಟು ಸರಿಯಾಗೇ ಇತ್ತು," ಎಂದಳು ಇಸ್ಕಾ. "ಕೆಡಿಸಿದ್ದು ನಾನೇ."

"ಆ ಮುಖ ನಂಗಿಷ್ಟ ಇಲ್ಲ ಚಿಕ್ಕಮ್ಮ. ಆ ಸಿನಿಮಾಗಳು ಬಂದಾಗೆಲ್ಲ, ನಿಮ್ಮಮ್ಮಂಗೆ ಹುಷಾರಿಲ್ವಾ ಅಂತ ಆಫೀಸಲ್ಲಿ ಕೇಳೋರು. ಕೊನೇಗೊಂದ್ಸಲ ಚೆಂದ ಕಾಣ್ಲಿ ಅಂತ ನಾನೇ ಹೇಳಿ ಮಾಡಿಸ್ದೆ."

"ನಂಗೂ ಇಷ್ಟ ಇಲ್ಲ. ನಿಂಗಿಂತ ನಂಗೇ ಜಾಸ್ತಿ ಇಷ್ಟ ಇಲ್ಲ. ಆದ್ರೆ ಅದು ಅವಳದು ಮಗಳೇ."

ಮರಿಲೂ ತಾಯಿಯನ್ನು ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ನಾಲ್ಕನೆಯ ತಿರುಪನ್ನು ತಾನೇ ಬಿಚ್ಚಿ ಗಾಜು ಎತ್ತಿ ಹಿಡಿದಳು.

"ಕಣ್ಣೀರು ಮಾತ್ರ ಬೀಳಿಸ್ಬೇಡಿ. ಸತ್ತೋರ ಮೇಲೆ ಬಿದ್ರೆ ಅವರಿಗೆ ಹೋಗೋ ದಾರಿ ಭಾರ ಆಗತ್ತೆ."

"ಗೊತ್ತು."

ಇಸ್ಕಾ ಹತ್ತಿಗೆ ಕ್ರೀಮು ಹಚ್ಚಿಕೊಂಡು ಹುಬ್ಬಿನಿಂದ ಶುರುಮಾಡಿದಳು. ಚರ್ಮ ತಣ್ಣಗೆ, ಗಡುಸಾಗಿತ್ತು. ಕೆನ್ನೆಯ ಗುಲಾಬಿ ಹೋಗಲು ನಾಲ್ಕು ಸಲ ಒರೆಸಬೇಕಾಯಿತು. ಒಂದೊಂದಾಗಿ ಗೆರೆಗಳು, ಕಪ್ಪು, ಸಿಡುಬಿನ ಕುಳಿ ಮೇಲೆ ಬಂದವು. ತುಟಿಯನ್ನು ಕೊನೆಗೆ ಉಳಿಸಿಕೊಂಡಿದ್ದಳು. ಅದನ್ನೂ ಒರೆಸಿದಳು. ಅಂಪಾರೊ ಈಗ ನಿಜವಾಗಿ ಸತ್ತಿದ್ದಳು. ಇಸ್ಕಾ ತನ್ನ ಮುಖವನ್ನು ಭುಜದ ಕಡೆ ತಿರುಗಿಸುವಷ್ಟರಲ್ಲಿ ಕಣ್ಣಿನಿಂದ ಒಂದು ಹನಿ ಜಾರಿ ಆ ಕುಳಿಯ ಪಕ್ಕದಲ್ಲೇ ಬಿತ್ತು. ಮರಿಲೂ ಬಾಗಿಲ ಕಡೆ ನೋಡುತ್ತಿದ್ದಳು. ಇಸ್ಕಾ ಅದನ್ನು ಒರೆಸಲಿಲ್ಲ.

ಪ್ರಾರ್ಥನೆಗೆ ಮೊದಲು ಸೆಪಾ ಕೊನೆಯ ಬೆಂಚಿನಿಂದ ಎದ್ದುಬಂದು ಗಾಜಿನೊಳಗೆ ಇಣುಕಿದಳು.

"ಹ್ಞಾ, ಈಗ ಬಂದ್ಯಾ," ಎಂದಳು. "ಎಲ್ಲಿ ಹಾಳಾಗ್ ಹೋಗಿದ್ಯೇ ಇಷ್ಟ್ ದಿನ?" ಹಾಗೆಂದವಳು ಅಲ್ಲೇ ನಿಂತು ಗೊಳೋ ಎಂದು ಅತ್ತಳು. ಜೋಮರ್ ಅವಳ ಹಿಂದೆ ಬಂದು ನೋಡಿದ. ಇಸ್ಕಾಳ ಕಡೆ ತಿರುಗಿ ತಲೆ ತಗ್ಗಿಸಿದ.

*

ಮಣ್ಣು ಮಾಡಿ ಹೊರಟಾಗ ಮಧ್ಯಾಹ್ನ ಮೂರಾಗಿತ್ತು. ಮಾರುಕಟ್ಟೆ ತಿರುವಿನ ಗಂಜಿ ಅಂಗಡಿಯ ಮುಂದೆ ಮರಿಲೂ ವ್ಯಾನು ನಿಲ್ಲಿಸಿದಳು. ಸ್ಮಶಾನದಿಂದ ಯಾರೂ ಸೀದಾ ಮನೆಗೆ ಹೋಗುವ ಹಾಗಿಲ್ಲ.

"ಇಳೀರಿ, ಇಳೀರಿ," ಎಂದಳು ಸೆಪಾ. "ಇಲ್ಲಿ ನಿಲ್ದೆ ಹೋದ್ರೆ ಅಂಪಾರೊ ಹಿಂದಿಂದೇ ಮನೆಗ್ ಬರ್ತಾಳೆ. ಬಂದ್ರೆ ನನ್ ಬುಟ್ಟೀಲಿರೋ ಮೀನೆಲ್ಲ ಖಾಲಿ."

ಅತ್ತು ಕಣ್ಣು ಊದಿದ್ದವರೆಲ್ಲ ನಕ್ಕರು.

"ನಂಗೆ ಹಸಿವಿಲ್ಲ," ಎಂದಳು ಇಸ್ಕಾ. "ಹೊರಟೆ ನಾನು."

"ಒಂದ್ ಲೋಟ ನೀರಾದ್ರೂ ಕುಡ್ಕೊಂಡು ಹೋಗಿ ಚಿಕ್ಕಮ್ಮ. ಹಾಗೇ ಹೋಗ್ಬಾರ್ದು."

ಇಸ್ಕಾ ಅಲ್ಲಿ ಕೂರಲಿಲ್ಲ, ನೀರೂ ಮುಟ್ಟಲಿಲ್ಲ. ದಾರಿಯಲ್ಲಿ ಬ್ರೆಡ್ಡಿನ ಅಂಗಡಿಯವನು ಕರೆದ, ಹೋಗಲಿಲ್ಲ. ನಿಧಾನವಾಗಿ ನಡೆದಳು. ಈಚೆಗೆ ಮೂರು ವರ್ಷದಿಂದ ಅಂಪಾರೊಳಿಗೆ ಮಂಡಿ ನೋವು, ಬೇಗ ನಡೆಯಲು ಆಗುತ್ತಿರಲಿಲ್ಲ.

ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟವಳು ಪಕ್ಕಕ್ಕೆ ಸರಿದು, ಇನ್ನೊಬ್ಬರು ದಾಟುವಷ್ಟು ಹೊತ್ತು ಬಾಗಿಲನ್ನು ಹಿಡಿದುಕೊಂಡು ನಿಂತಳು. ಆಮೇಲೆ ಮುಚ್ಚಿದಳು. ಬಣ್ಣದ ಪೆಟ್ಟಿಗೆಯನ್ನು ಮಂಚದ ಕೆಳಗೆ ದೂರ ತಳ್ಳಿದಳು. ಕನ್ನಡಿಯ ಮುಂದಿನ ಕುರ್ಚಿಯನ್ನು ಎಳೆದಿಟ್ಟು, ತಾನು ನೆಲದ ಮೇಲೆ ಕೂತುಕೊಂಡಳು.