ಮೊಣಕೈ ದಾಟಿದ ನೀಲಿ

ಸ್ಪಂಜು ಹಿಂಡಿದಾಗ ಬೇಸಿನ್ನಿನ ನೀರು ಮತ್ತೆ ನೀಲಿಯಾಯಿತು. ಮಗಳು ಅದನ್ನು ಬಚ್ಚಲಿಗೆ ಚೆಲ್ಲಿ, ಬೇರೆ ನೀರು ತಂದು, ಅಮ್ಮನ ತಣ್ಣಗಾದ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಉಗುರಿನ ಸಂದಿಯ ಬಣ್ಣ ಮಾತ್ರ ಜಪ್ಪಯ್ಯ ಅಂದರೂ ಬಿಡಲೊಲ್ಲದು. ಜೀವಮಾನವೆಲ್ಲ ನೂಲಿಗೆ ಬಣ್ಣ ಹಾಕಿದ ಕೈ. ಕಾರ್ಖಾನೆಯಲ್ಲಿ ಅಮ್ಮನ ನಿಜವಾದ ಹೆಸರನ್ನು ಎಲ್ಲರೂ ಮರೆತೇಬಿಟ್ಟಿದ್ದರು. ಹಿರಿಯರಿಗೂ ಕಿರಿಯರಿಗೂ ಅವಳು ನೀಲಕ್ಕ.

ಎಡಗೈಯನ್ನು ದೊಡ್ಡಮ್ಮ ಒರೆಸುತ್ತಿದ್ದಳು. ತಂಗಿ ತಾನೇ ಮೆಚ್ಚಿ ಮಾಡಿಕೊಂಡ ಮದುವೆ ಆಕೆಗೆ ಯಾವತ್ತೂ ಹಿಡಿಸಿರಲಿಲ್ಲ. ಈ ಮನೆಗೆ ಬಂದದ್ದೇ ಅಪರೂಪ. ಇವತ್ತು ಬೆಳಕು ಹರಿಯುವ ಮುಂಚೆಯೇ ಬಂದು, ಯಾರನ್ನೂ ಕೇಳದೆ ಒಂದು ಬಟ್ಟೆ ಒದ್ದೆ ಮಾಡಿಕೊಂಡು ಕೂತಿದ್ದಳು.

"ಇದೇನೇ ಇದು?"

ಬಣ್ಣ ಕರಗಿದ ಕಡೆ, ಮೊಣಕೈಯಿಂದ ಮೇಲೆ, ಅಂಗೈಯಗಲದ ಕಲೆ. ನೇರಳೆ. ಪಕ್ಕದಲ್ಲೇ ಇನ್ನೊಂದು, ಅಂಚು ಹಸಿರಾಗಿದ್ದದ್ದು. ದೊಡ್ಡಮ್ಮ ಸೋಪು ಹಚ್ಚಿ ಉಜ್ಜಿದಳು. ಈ ಸಲ ನೀರು ತಿಳಿಯಾಗಿಯೇ ಉಳಿಯಿತು.

ಅಮ್ಮನ ಜೊತೆಗಾತಿ ಗೋಡೆಗೊರಗಿ ಕೂತಿದ್ದಳು. ಒದ್ದೆ ನೂಲಿನ ಒಂದು ತುದಿ ಅಮ್ಮ, ಇನ್ನೊಂದು ತುದಿ ಅವಳು ಹಿಡಿದು ವರ್ಷಗಟ್ಟಲೆ ಹಿಂಡಿದವರು. ಹಂಡೆ, ಕೋಲು ಎಲ್ಲಾದರೂ ತಾಗುತ್ತಲೇ ಇರುತ್ತವೆ ಎಂದು ಅವಳು ಸಮಾಧಾನಕ್ಕೆ ಹೇಳಿ ನೋಡಿದಳು. ಹಂಡೆ ತೋಳಿನ ಒಳಮೈಗೆ ತಾಗುತ್ತದಾ ಎಂದು ದೊಡ್ಡಮ್ಮ ಕೇಳಿದಳು. ಜೊತೆಗಾತಿ ಆ ತೋಳನ್ನೇ ನೋಡುತ್ತಾ ತನಗೆ ತಾನೇ ಎಂಬಂತೆ ಅಂದಳು:

"ನಾವೆಲ್ಲ ಕೈಗವಸು ಹಾಕ್ತೀವಿ, ಆದ್ರೂ ಮೊಣಕೈವರೆಗೆ ಹತ್ತುತ್ತೆ. ಇವಳು ಈಚೆಗೆ ಗವಸು ಬಿಸಾಕಿ ಹೆಗಲವರೆಗೆ ಬಳಿದುಕೊಳ್ತಿದ್ದಳು. ಕೇಳಿದ್ರೆ, ಸಂಬಳವಂತೂ ಹೆಚ್ಚು ಕೊಡಲ್ಲ, ಬಣ್ಣನಾದ್ರೂ ಹೆಚ್ಚು ತಗೊಂಡು ಹೋಗ್ತೀನಿ ಅನ್ನೋಳು."

ದೊಡ್ಡಮ್ಮ ನಗಲಿಲ್ಲ. ಅವಳ ಕಣ್ಣು ಬಾಗಿಲಾಚೆ ಮೆಟ್ಟಿಲ ಮೇಲಿತ್ತು. ಅಲ್ಲಿ ಅಪ್ಪ ಕೂತಿದ್ದ, ಆಸ್ಪತ್ರೆಯಿಂದ ಬಂದ ಅದೇ ಅಂಗಿಯಲ್ಲಿ, ಮೊಣಕೈಗೆ ಬೇಕರಿಯ ಹಿಟ್ಟು ಮೆತ್ತಿಕೊಂಡೇ.

"ಮುಚ್ಚೋಕೆ ಬಳಿದುಕೊಂಡಿದ್ದಾಳೆ," ಎಂದಳು ದೊಡ್ಡಮ್ಮ. "ಜನ ಸೇರಲಿ. ಎಲ್ಲರೆದುರೇ ಕೇಳ್ತೀನಿ ಅವನನ್ನ."

*

ಹೋದ ತಿಂಗಳು ಅಮ್ಮ ತಾನಾಗಿಯೇ ಮಗಳನ್ನು ಕರೆದುಕೊಂಡು ಚಿಕಿತ್ಸಾಲಯಕ್ಕೆ ಹೊರಟಿದ್ದಳು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ಮಹಡಿ ಹತ್ತಿದರೆ ಏದುಸಿರು. ಮೈಮೇಲೆ ಕಲೆಗಳು. ತಾಗಿಸಿಕೊಂಡ ಕಲೆ ಅವಳಿಗೆ ಗೊತ್ತಿಲ್ಲದ್ದೇನಲ್ಲ: ನೇರಳೆ ಹಸಿರಾಗಿ, ಹಸಿರು ಹಳದಿಯಾಗಿ, ಎರಡು ವಾರದೊಳಗೆ ಹೇಳಹೆಸರಿಲ್ಲದಂತೆ ಹೋಗುತ್ತದೆ. ಇವು ಹಾಗಲ್ಲ. ತಾಗಿದ ನೆನಪೇ ಇಲ್ಲ. ಒಂದು ಮಾಯುವಷ್ಟರಲ್ಲಿ ಇನ್ನೆರಡು ಏಳುತ್ತಿದ್ದವು.

ನರ್ಸು ತೋಳು ನೋಡಿದವಳೇ ಮಗಳನ್ನು ಹೊರಗೆ ಕಳಿಸಿ ಪರದೆ ಎಳೆದಳು. ಪರದೆ ನೋಟವನ್ನಷ್ಟೇ ತಡೆಯಿತು. ಮನೆಯಲ್ಲಿ ಯಾರಾದರೂ ಕೈ ಮಾಡುತ್ತಾರಾ, ಹೆದರಬೇಡಿ, ಎಂದು ಆಕೆ ಮೆತ್ತಗೆ, ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು. ಅಮ್ಮ ಇಲ್ಲ ಎಂದಳು. ಆಕೆ ಮತ್ತೆ ಕೇಳಿದಳು. ಎರಡನೆಯ ಸಲದ 'ಇಲ್ಲ' ಅಮ್ಮನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿರಬೇಕು. ರಕ್ತ ಕೊಡಬೇಕಿದ್ದ ಪರೀಕ್ಷೆಯ ಕೋಣೆಯನ್ನು ದಾಟಿ ನಡೆದು ರಸ್ತೆಗೆ ಇಳಿದುಬಿಟ್ಟಳು.

"ನಿಮ್ಮಪ್ಪ ಇರುವೆ ತುಳಿಯೋಕೂ ಹೆದರೋ ಮನುಷ್ಯ," ಎಂದಳು ಬಸ್‌ಸ್ಟಾಪಿನಲ್ಲಿ. "ಅವರ ಕಿವಿಗೆ ಇದು ಬಿದ್ರೆ ಕುಸಿದು ಹೋಗ್ತಾರೆ. ಹೇಳಬೇಡ ಮಗಾ."

ವಾಪಸು ಹೋಗಿ ರಕ್ತವನ್ನಾದರೂ ಕೊಟ್ಟು ಬರೋಣ ಎಂಬ ಮಾತು ಮಗಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಸ್ಸು ಬಂತು.

ಅಪ್ಪನಿಗೆ ಕಂಡದ್ದು ಬಣ್ಣ ಮಾತ್ರ. ಅವನದು ಬೇಕರಿಯಲ್ಲಿ ರಾತ್ರಿ ಪಾಳಿ. ಅವನು ಬರುವುದಕ್ಕೂ ಅವಳು ಹೊರಡುವುದಕ್ಕೂ ಸರಿಹೋಗುತ್ತಿತ್ತು. ಬಾಗಿಲಲ್ಲಿ ಕೀಲಿ ಕೈ ಬದಲಾಗುವಾಗ ಆಡಿದ್ದೇ ಅವರ ಸಂಸಾರದ ಮಾತು. "ಹೀಗೇ ಆದ್ರೆ ಆಕಾಶದ ಮುಂದೆ ನಿಂತಾಗ ನಿನ್ನನ್ನ ಹುಡುಕಬೇಕಾಗುತ್ತೆ ಕಣೇ," ಎಂದಿದ್ದ ಒಂದು ಬೆಳಿಗ್ಗೆ. ಅಮ್ಮ ಬೀದಿಯ ತಿರುವಿನವರೆಗೂ ನಗುತ್ತಾ ಹೋದಳು.

ನಿನ್ನೆ ಪಾಳಿ ಶುರುವಾಗುತ್ತಲೇ, ನೂಲು ಹಿಂಡುತ್ತಿದ್ದಾಗ ಅಮ್ಮ ಬಿದ್ದಳು. ರಕ್ತದ ಕಾಯಿಲೆ, ತಲೆಯೊಳಗೆ ರಕ್ತ ಒಸರಿದೆ ಎಂದಷ್ಟೇ ಡಾಕ್ಟರು ಅಪ್ಪನಿಗೆ ಹೇಳಿದರು. ಮಗಳನ್ನು ಕಾರಿಡಾರಿಗೆ ಕರೆದು, ಪೆಟ್ಟಿಲ್ಲದೆ ಇಷ್ಟು ಕಲೆ, ಮೇಲಿಂದ ವಸಡಿನ ರಕ್ತ, ಇದನ್ನು ಕಂಡ ಕೂಡಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು.

*

ಹೊರಗೆ ಚಪ್ಪಲಿ ಬಿಡುವ ಸದ್ದು ಕೇಳತೊಡಗಿತು. ದೊಡ್ಡಮ್ಮ ಎದ್ದಳು. ಮಗಳು ಬಣ್ಣ ಹತ್ತಿದ ಒದ್ದೆ ಕೈಯಲ್ಲೇ ಅವಳ ಮಣಿಕಟ್ಟು ಹಿಡಿದುಕೊಂಡಳು. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಗೊತ್ತಿಲ್ಲದ ಹುಡುಗಿ. ಸುಮ್ಮನಿದ್ದರೆ ಅಪ್ಪ ಹೆಂಡತಿಯನ್ನು ಹೊಡೆದವನಾಗುತ್ತಾನೆ. ಇದ್ದದ್ದನ್ನು ಹೇಳಿದರೆ, ತನ್ನ ಹೆಸರು ಉಳಿಸಲು ಹೋಗಿ ಹೆಂಡತಿ ಸತ್ತಳೆಂದು ಮೆಟ್ಟಿಲ ಮೇಲಿನ ಆ ಮನುಷ್ಯ ಉಳಿದ ಆಯುಷ್ಯವೆಲ್ಲ ನೆನೆಯಬೇಕು.

"ಅಪ್ಪ ಹೊಡೆದಿಲ್ಲ ದೊಡ್ಡಮ್ಮ," ಎಂದಳು, ಬಾಗಿಲು ದಾಟದಷ್ಟು ಸಣ್ಣ ದನಿಯಲ್ಲಿ. "ಹೊಡೆದಿರಬಹುದು ಅಂತ ಹೋದ ತಿಂಗಳು ಕ್ಲಿನಿಕ್ಕಲ್ಲಿ ನರ್ಸು ಕೇಳಿದ್ರು. ಅದಕ್ಕೇ ಅಮ್ಮ ಆಮೇಲೆ ಎಲ್ಲೂ ತೋರಿಸಿಕೊಳ್ಳಲಿಲ್ಲ."

ಉಳಿದದ್ದನ್ನೂ ಹೇಳಿದಳು. ಜೊತೆಗಾತಿ ಗೋಡೆಯ ಕಡೆ ತಿರುಗಿಕೊಂಡಳು. ದೊಡ್ಡಮ್ಮ ಮೆಲ್ಲಗೆ ಕೂತಳು.

"ಅವನಿಗೆ ಗೊತ್ತಾ?"

"ಇಲ್ಲ."

ದೊಡ್ಡಮ್ಮ ತಾನು ತಂದಿದ್ದ ಬಟ್ಟೆಗಂಟು ಬಿಚ್ಚಿ ತನ್ನದೇ ಉದ್ದ ತೋಳಿನ ಅಂಗಿಯೊಂದನ್ನು ತೆಗೆದಳು. ಇಬ್ಬರೂ ಸೇರಿ ಅಮ್ಮನಿಗೆ ತೊಡಿಸಿದರು.

"ಒಳಗೆ ಬರಬಹುದಾ?" ತನ್ನ ಮನೆಯ ಬಾಗಿಲಲ್ಲೇ ನಿಂತು ಅಪ್ಪ ಕೇಳಿದ.

ಬಂದು ಕೂತು, ಅಮ್ಮನ ಅಂಗೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ, ಬೇರೆ ಯಾರದೋ ಕೈ ಎನ್ನುವ ಹಾಗೆ.

"ಮದುವೆ ದಿನವೂ ಇಷ್ಟು ಬೆಳ್ಳಗಿರಲಿಲ್ಲ," ಎಂದ. "ತೋಳಿಗೂ ಹತ್ತಿತ್ತಲ್ಲ ಅತ್ತಿಗೆ. ಅದೂ ಹೋಯ್ತಾ?"

ಅವನ ಬೆರಳು ಅಂಗಿಯ ತೋಳಿನ ಅಂಚನ್ನು ಮೇಲೆ ಸರಿಸಲು ಹೋಯಿತು. ಅದಕ್ಕಿಂತ ಮೊದಲೇ ದೊಡ್ಡಮ್ಮನ ಕೈ ಅಲ್ಲಿಗೆ ಬಂದು ಕೂತಿತು.

"ಪೂರ್ತಿ ಹೋಗಿದೆ ಕಣಪ್ಪ."

ಅವನು ತಲೆಯಾಡಿಸಿದ. ದೊಡ್ಡಮ್ಮ ಕೈ ತೆಗೆಯಲಿಲ್ಲ. ಜನ ಒಬ್ಬೊಬ್ಬರಾಗಿ ಬಂದು ನೋಡಿ ಹೋಗುತ್ತಿದ್ದರು. ಆಕೆ ಆ ತೋಳಿನ ಅಂಚನ್ನು ಒತ್ತಿಹಿಡಿದು ಕೂತೇ ಇದ್ದಳು. ಅವಳ ಮಣಿಕಟ್ಟಿನ ಮೇಲೆ ಹುಡುಗಿಯ ಬೆರಳುಗಳ ನೀಲಿ ಗುರುತು ಆರುತ್ತಿತ್ತು.