ಎರಡು ಬಾಗಿಲಿನ ಸಂಚು

ಟೈಲರ್ ಯಜಮಾನರ ಕಾರಿಗೆ ವಯಸ್ಸಾಗಿತ್ತು, ಮುಪ್ಪು ಮಾತ್ರ ಬಂದಿರಲಿಲ್ಲ. ನಾಲ್ಕು ಬಾಗಿಲು, ಅಗಲ ಮೂತಿ, ಮೂರು ಮಕ್ಕಳೂ ಅವರ ಗಂಟುಮೂಟೆಯೂ ಹಿಡಿಸುತ್ತಿದ್ದ ಹೊಟ್ಟೆ. ಒಂದು ಕಾಲಕ್ಕೆ ಬೀದಿ ಬೀದಿಯಲ್ಲಿ ಕಾಣುತ್ತಿದ್ದ, ಈಗ ಹುಡುಕಿದರೂ ಸಿಗದ ಸಂಸಾರಸ್ಥ ಕಾರು. ಇಂಥ ಕಾರುಗಳ ಬೆನ್ನು ತಗ್ಗಿಸಿ, ಸೊಂಟ ಸರಿಮಾಡಿ, ಒಡೆಯರ ಆಸೆಯಂತೆ ಹೊಸ ರೂಪ ಬರೆದುಕೊಡುವುದೇ ಕಾರು ಶೆಡ್ಡಿನ ಡಿಸೈನರಮ್ಮನ ಕಸುಬು. ಬರೆಯುವುದು ಅವಳು, ತಗಡು ಕೊಯ್ದು ಬೆಸುಗೆ ಹಾಕುವುದು ಅವಳ ಅಕ್ಕನ ಗಂಡ. ಅವಳು ಭಾವ ಎನ್ನುತ್ತಿದ್ದುದನ್ನು ಕೇಳಿ ಕೇಳಿ ಗಿರಾಕಿಗಳೂ ಅವನನ್ನು ಭಾವ ಎಂದೇ ಕರೆಯುತ್ತಿದ್ದರು.

ಕಾರನ್ನು ಶೆಡ್ಡಿಗೆ ತಂದ ದಿನ ಯಜಮಾನರು ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಹಿಂದಿನ ಬಾಗಿಲು ಎರಡೂ ಮುಚ್ಚಿಬಿಡಮ್ಮ. ಇತ್ತು ಅಂತ್ಲೂ ಗೊತ್ತಾಗಬಾರದು, ಹಾಗೆ ನುಣ್ಣಗೆ ಮಾಡು."

ಅವಳಿಗೆ ಒಳಗೊಳಗೇ ಖುಷಿಯಾಯಿತು. ಮುಂದಿನ ಚಕ್ರದಿಂದ ಹಿಂದಿನ ದೀಪದವರೆಗೆ ಒಂದೇ ಉಸಿರಿನಲ್ಲಿ ಗೆರೆ ಎಳೆಯುವ ಅವಕಾಶ ಯಾರು ಬಿಡುತ್ತಾರೆ? ಆದರೂ ಯಾಕೆಂದು ಕೇಳಿದಳು.

"ನಮ್ಮನೆಯವಳು ಹಿಂದೆ ಕೂರ್ತಾಳೆ. ಮಕ್ಕಳು ಚಿಕ್ಕವರಿದ್ದಾಗ ಸರಿ, ಹೊಡೆದಾಟ ಬಿಡಿಸೋಕೆ ಒಬ್ಬರು ಪೊಲೀಸು ಬೇಕಿತ್ತು. ಈಗ ಮೂವರೂ ಅವರವರ ಸಂಸಾರ ನೋಡ್ಕೊಂಡ್ರು, ಇವಳು ಇನ್ನೂ ಹಿಂದೇನೇ. ಸಿಗ್ನಲ್ಲಲ್ಲಿ ನಿಂತ್ರೆ ನಾನು ಅವಳ ಡ್ರೈವರ್ ಥರ ಕಾಣ್ತೀನಿ. ಮುಂದೆ ಬಾರೇ ಅಂದ್ರೆ, ಇಲ್ಲೇ ಚೆನ್ನಾಗಿದೆ ಅಂತಾಳೆ. ಬಾಗಿಲೇ ಇಲ್ಲದಿದ್ರೆ ಎಲ್ಲಿಗೆ ಹೋಗ್ತಾಳೆ?" ಎಂದು ನಕ್ಕರು. ನಗು ಇಳಿದ ಮೇಲೆ, "ಪಕ್ಕದಲ್ಲಿ ಕೂತು ಬರಲಿ ಅಂತ, ಅಷ್ಟೇ" ಎಂದರು.

ಆ ಕೊನೆಯ ಮಾತಿಗೆ ಡಿಸೈನರಮ್ಮ ಕರಗಿಹೋದಳು. ಅವಳೂ ಅವಳ ಗಂಡನೂ ಎದುರುಬದುರಾಗುತ್ತಿದ್ದುದೇ ಮಕ್ಕಳ ಚೀಲ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುವ ಹೊತ್ತಿನಲ್ಲಿ. ಸಂಚಿನಲ್ಲಿ ತಾನೂ ಪಾಲುದಾರಳೆಂಬ ಹುರುಪಿನಲ್ಲಿ ಶೆಡ್ಡಿನ ಬಿಳಿ ಗೋಡೆಯ ಮೇಲೆ ಕಾರನ್ನು ಅದರ ನಿಜವಾದ ಗಾತ್ರದಲ್ಲೇ ಕಪ್ಪು ಟೇಪಿನಿಂದ ಬರೆದಳು. ಚಾವಣಿ ಎರಡು ಬೆರಳು ಇಳಿಯಿತು. ಹೊಳೆಯುವ ಪಟ್ಟಿಗಳು ಹೋದವು. ಎರಡೇ ಬಾಗಿಲಿನ ಕಾರು ಗೋಡೆಯಲ್ಲೇ ಓಡುವಂತೆ ಕಂಡಿತು.

ತಗಡಿಗೆ ಗರಗಸ ಇಡುವ ಮುಂಚೆ ಮನೆಯವರನ್ನು ಕರೆಸಿ ಕೂರಿಸಿ ನೋಡುವುದು ಶೆಡ್ಡಿನ ಪದ್ಧತಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಾರಿನ ಆಕಾರ ಎಳೆದು, ಅದರೊಳಗೆ ಕಾಲು ಕತ್ತರಿಸಿದ ಗಿಡ್ಡ ಕುರ್ಚಿಗಳನ್ನು ಸೀಟಿನಂತೆ ಇಡುತ್ತಿದ್ದರು. ಯಜಮಾನರ ಹೆಂಡತಿ ಬಂದವರೇ ಮೊದಲು ಗೋಡೆ ನೋಡಿದರು.

"ಇದು ನಮ್ಮ ಕಾರಾ? ತೆಳ್ಳಗಾಗಿದೆ. ಹೇಗೆ ಅಂತ ಇವ್ರಿಗೂ ಸ್ವಲ್ಪ ಹೇಳ್ಕೊಡಿ."

ಭಾವ ಗೊಳ್ಳೆಂದು ನಕ್ಕ. ಯಜಮಾನರು ಹೊಟ್ಟೆ ಒಳಕ್ಕೆ ಎಳೆದುಕೊಂಡರು. ಆಕೆ ಸೀದಾ ಸೀಮೆಸುಣ್ಣದ ಕಾರಿನ ಹಿಂಬದಿಗೆ ಹೋಗಿ, ರೂಢಿಬಲದಿಂದ ಹಿಡಿಕೆಗೆಂದು ಗಾಳಿಯಲ್ಲಿ ಕೈಚಾಚಿ, ಹಾಗೇ ನಿಂತು ಮತ್ತೆ ಗೋಡೆ ನೋಡಿದರು.

"ನನ್ನ ಬಾಗಿಲೆಲ್ಲಿ?"

ಭಾವನಿಗೆ ಅದೇ ಕ್ಷಣದಲ್ಲಿ ಎಲ್ಲೋ ಒಂದು ನಟ್ಟು ಬಿಗಿಮಾಡುವ ಕೆಲಸ ನೆನಪಾಯಿತು.

"ಅದು ಈಗಿನ ಫ್ಯಾಶನ್ನು ಕಣೇ" ಎಂದರು ಯಜಮಾನರು.

"ಬಟ್ಟೆ ಹೊಲಿಸೋಕೆ ಬಂದವರು ಫ್ಯಾಶನ್ ಅಂದ್ರೆ, ಹಾಕ್ಕೊಳ್ಳೋರ ಅಳತೆ ಮುಖ್ಯ ಅಂತ ಗದರೋರು ನೀವು."

"ಮುಂದೆ ಕೂತ್ಕೋಬಹುದಲ್ಲ."

"ನೀವು ನಿಮ್ಮ ಕಾರಲ್ಲಿ ಹೋಗಿ. ನಾನು ಬಸ್ಸಲ್ಲಿ ಬರ್ತೀನಿ."

ಆಕೆ ಒಂದು ಕುರ್ಚಿಯನ್ನು ಗೆರೆಯಿಂದ ಹೊರಗೆ ಎಳೆದುಕೊಂಡು ಕೂತುಬಿಟ್ಟರು. ಯಜಮಾನರ ಮುಖ ಇಷ್ಟು ಚಿಕ್ಕದಾಯಿತು. ಡಿಸೈನರಮ್ಮನಿಗೆ ತನ್ನ ತಲೆ ತಾನೇ ಚಚ್ಚಿಕೊಳ್ಳುವಂತಾಯಿತು: ಓಡಿಸುವವರನ್ನು ಕೇಳಿದ್ದಳು, ಕೂರುವವರನ್ನು ಕೇಳಿರಲಿಲ್ಲ. ಆಕೆಯ ಹತ್ತಿರ ಹೋಗಿ ನೆಲದಲ್ಲೇ ಕೂತಳು.

"ಮುಂದೆ ಏನು ಕಷ್ಟ ಅಮ್ಮ? ಕಾಲು ಚಾಚೋಕಾಗಲ್ವಾ? ಬಿಸಿಲಾ?"

"ಅವರನ್ನೇ ಕೇಳು ಮಗಳೇ. ಕಾರು ತಂದ ಹೊಸತು. ಸೇತುವೆ ಮೇಲೆ ಎದುರಿಗೆ ಲಾರಿ ಬಂತು. ನಾನು ಅಯ್ಯೋ ಅಂದು ಕಾಲು ಒತ್ತಿದೆ, ನನ್ನ ಕಡೆ ಬ್ರೇಕಿದ್ದ ಹಾಗೆ. ಇವ್ರು ಗಾಡಿ ಪಕ್ಕಕ್ಕೆ ಹಾಕಿ, ಹೀಗೆ ಪ್ರಾಣ ತಿಂದ್ರೆ ನನ್ನ ಕೈಲಿ ಓಡಿಸೋಕಾಗಲ್ಲ, ಹಿಂದೆ ಹೋಗಿ ಕೂತ್ಕೋ ಅಂದ್ರು. ಹೋದೆ."

"ನಾನಾ?" ಎಂದರು ಯಜಮಾನರು. "ನನಗೆ ನೆನಪೇ ಇಲ್ಲ."

"ನಿಮಗ್ಯಾಕಿರುತ್ತೆ? ಎದ್ದು ಹೋಗಿದ್ದು ನಾನು." ತಮ್ಮ ಕಾಲಿನತ್ತ ನೋಡಿಕೊಂಡು, "ಈಗಲೂ ಕಾಲು ಒತ್ತುತ್ತೆ. ಹಿಂದೆ ಆದ್ರೆ ನಿಮಗೆ ಕಾಣಲ್ಲ" ಎಂದರು.

ನಟ್ಟು ಬಿಟ್ಟು ಬಂದ ಭಾವ, "ಡ್ರೈವಿಂಗ್ ಸ್ಕೂಲ್ ಗಾಡಿ ಥರ ಆ ಕಡೆಗೂ ಒಂದು ಬ್ರೇಕ್ ಇಟ್ರೆ ಕತೆ ಮುಗೀತಲ್ಲ" ಎಂದು ತಮಾಷೆ ಮಾಡಿದ.

ಡಿಸೈನರಮ್ಮ ನಗಲಿಲ್ಲ. ಎರಡು ಪೆಡಲುಗಳನ್ನು ಜೋಡಿಸುವ ಸರಳು ಎಲ್ಲಿ ಹಾದುಹೋಗಬೇಕೆಂದು ಅವಳ ತಲೆಯೊಳಗೆ ಆಗಲೇ ಗೆರೆ ಬಿದ್ದಿತ್ತು.

"ಇಡಬಹುದು ಭಾವ."

"ಏನು?" ಯಜಮಾನರ ದನಿ ಏರಿತು. "ಇಷ್ಟು ವರ್ಷ ಗಾಡಿ ಬಿಟ್ಟಿದ್ದೀನಿ, ನನಗೆ ಕಲಿಯೋರ ಥರ ಎರಡನೇ ಬ್ರೇಕಾ? ನೋಡಿದವರು ಏನಂದ್ಕೋತಾರೆ?"

"ಆಯ್ತು ಬಿಡಿ. ಬಸ್ಸು ಹೇಗೂ ಇದೆ" ಎಂದರು ಆಕೆ.

ಯಜಮಾನರು ನಿಜವಾದ ಕಾರಿನ ಸುತ್ತ ಒಂದು ಸುತ್ತು ಬಂದರು. ಹಿಂದಿನ ಬಾಗಿಲು ತೆರೆದರು, ಹಾಕಿದರು. ಆಮೇಲೆ ಬಂದು ಸೀಮೆಸುಣ್ಣದ ಕಾರಿನಲ್ಲಿ ಡ್ರೈವರ್ ಕುರ್ಚಿಯಲ್ಲಿ ಕೂತು, ಪಕ್ಕದ ಖಾಲಿ ಕುರ್ಚಿಯನ್ನು ನೋಡುತ್ತ, ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟರು.

"ಬಾರೇ ಇಲ್ಲಿ. ಕಾಲು ಎಲ್ಲಿಗೆ ಬರುತ್ತೆ ನೋಡಬೇಕು, ಬ್ರೇಕಿಗೆ."

"ನಿಜವಾಗ್ಲೂ ಹಿಡಿಯೋ ಬ್ರೇಕಾ, ಸುಮ್ಮನೆ ಬೊಂಬೆಯಾ?"

"ನಿಜದ್ದೇ. ಬಾ."

ಆಕೆ ಬಂದು ಪಕ್ಕದಲ್ಲಿ ಕೂತರು. ಯಜಮಾನರು ಮಂಡಿ ಹಿಡಿದುಕೊಂಡು ನೆಲಕ್ಕಿಳಿದು, ಹೆಂಡತಿಯ ಹಿಮ್ಮಡಿಯಿಂದ ಗೇಣು ಹಾಕಿ ಅಳೆಯತೊಡಗಿದರು.

"ಬಿಡ್ರೀ, ಎಲ್ಲರೂ ನೋಡ್ತಿದ್ದಾರೆ."

"ಅಳತೆ ತಗೊಳ್ಳೋವಾಗ ಅಲ್ಲಾಡಬಾರದು."

ಕೂತಲ್ಲಿಂದಲೇ ಆಕೆ ಡಿಸೈನರಮ್ಮನನ್ನು ಕರೆದರು. "ಹಿಂದಿನ ಬಾಗಿಲೂ ಇರಲಿ ಮಗಳೇ. ಜಗಳ ಆದ ದಿನ ಬೇಕಾಗುತ್ತೆ."

ಅವಳು ಯಜಮಾನರತ್ತ ನೋಡಿದಳು. ಅವರು ತಲೆ ಎತ್ತದೆ, "ನಾಲ್ಕೂ ಇರಲಿ" ಎಂದರು.

ಆ ಉದ್ದನೆಯ ಗೆರೆಯನ್ನು ಮುರಿಯಲು ಅವಳಿಗೆ ಒಂದಿಷ್ಟು ಹೊಟ್ಟೆ ಉರಿಯದೆ ಇರಲಿಲ್ಲ. ಆದರೂ ಟೇಪು ಹರಿದು, ಗೋಡೆಯ ಕಾರಿಗೆ ಹಿಂದಿನ ಬಾಗಿಲಿನ ಗೆರೆಯನ್ನು ಮೇಲಿನಿಂದ ಕೆಳಕ್ಕೆ ಇಳಿಸತೊಡಗಿದಳು. ಬೆನ್ನ ಹಿಂದೆ, ಮುಂದಿನ ಸೀಟಿನಲ್ಲಿ, ಮಾತು ಸಾಗಿತ್ತು: ನೆನಪೇ ಇಲ್ಲವೆಂದಿದ್ದ ಯಜಮಾನರು ಅವತ್ತು ಬಂದದ್ದು ಲಾರಿಯಲ್ಲ, ಟ್ರ್ಯಾಕ್ಟರು ಎಂದು ಹಟ ಹಿಡಿದಿದ್ದರು.