ಸಾವುಕಾರರ ತಾತನ ಪಟ

ಶಿರಾದ ಸಾವುಕಾರ ಮರುಳಸಿದ್ದಯ್ಯನವರ ಮಗಳಿಗೆ ಪಾವಗಡದ ದೊಡ್ಡ ಮನೆತನದ ಸಂಬಂಧ ಕೂಡಿಬರುವುದರಲ್ಲಿತ್ತು. ಇವರ ತಾತನೋ ಗಾಡಿ ಹೊಡೆದವನು. ಹಾಗಾಗಿ ನಾಟಕದ ಪರದೆ ಬರೆಯುವ ನಸ್ರುಲ್ಲಾನಿಂದ, ಎದೆಗೆ ವಿಕ್ಟೋರಿಯಾ ರಾಣಿಯ ಪದಕ ತೊಟ್ಟ ತಾತನ ಪಟ ಬರೆಸಿದರು. ನಸ್ರುಲ್ಲಾ ಅದಕ್ಕೆ ಟೀ ಡಿಕಾಕ್ಷನ್ ಸವರಿ, ಒಲೆಯ ಹೊಗೆ ಹಿಡಿಸಿ ಅರವತ್ತು ವರ್ಷ ಹಳೆಯದು ಮಾಡಿದ. ಮುಖ ಮಾತ್ರ ತೀರಿಹೋದ ತನ್ನ ಅಪ್ಪನದು. ಅವನ ಕೈಗೆ ಪಳಗಿದ್ದ ಮುಖ ಅದೊಂದೇ.

ಅಪ್ಪನದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಪಟದಲ್ಲಿರುವ ಆ ಮುಖವನ್ನು ಒಂದೇ ಸಲ ನೋಡಬೇಕೆಂದು ತಾಯಿ ಅಮೀರುನ್ನೀಸಾ ಹಟ ಹಿಡಿದು, ಗಂಡಿನವರು ಬಂದ ದಿನವೇ ಸಾವುಕಾರರ ಪಡಸಾಲೆಗೆ ನುಗ್ಗಿದಳು. ತಡೆಯಲು ಹಿಂದೆಯೇ ಮಗ ಓಡಿಬಂದ.

"ಯಾ ಅಲ್ಲಾ, ನಮ್ ಯಜಮಾನ್ರು!" ಎಂದು ಅವಳು ಅತ್ತುಬಿಟ್ಟಳು.

ಗಂಡಿನ ಸೋದರಮಾವ ಪಟವನ್ನು ದಿಟ್ಟಿಸಿದ. "ಅಲ್ರೀ, ನಿಮ್ ತಾತನ ಹಣೇಲಿ ವಿಭೂತೀನೇ ಇಲ್ವಲ್ಲ?"

ವಿಭೂತಿ ನಸ್ರುಲ್ಲಾಗೆ ಹೊಳೆದೇ ಇರಲಿಲ್ಲ. ಪದಕವನ್ನೇ ನೋಡುತ್ತಿದ್ದ ಸಾವುಕಾರರೂ ಗಮನಿಸಿರಲಿಲ್ಲ. ಅವರು ನಕ್ಕರು.

"ಧೂಳು ಒರೆಸೋಕೆ ಕೊಟ್ಟಿದ್ದೆ ಕಣ್ರೀ, ಇವ್ನು ಉಜ್ಜಿ ಅಳಿಸ್ಬುಟ್ಟವ್ನೆ. ಮುದುಕೀಗೆ ತಲೆ ಕೆಟ್ಟೈತೆ, ಕಂಡೋರೆಲ್ಲಾ ಗಂಡಾನೇ. ಅಲ್ವೇನ್ಲಾ?"

"ಹೂಂ ಬುದ್ಧಿ," ಎಂದ ನಸ್ರುಲ್ಲಾ.

"ಓಗು, ಬಣ್ಣ ತಂದು ಈಗ್ಲೇ ಬರಿ. ಏನಮ್ಮೋ, ಅಳೋದ್ ಬುಟ್ಟು ಬಟ್ಲು ಹಿಡ್ಕೊ."

ತಾಯಿ ಬಟ್ಟಲು ಹಿಡಿದು ನಿಂತಳು. ಮಗ ಅಪ್ಪನ ಹಣೆಯ ಮೇಲೆ ಬಿಳಿ ಬಣ್ಣದಲ್ಲಿ ಮೂರು ಪಟ್ಟೆ ಎಳೆದ.

"ಈಗ ಹೇಳಮ್ಮಾ, ಯಾರಿದು?" ಎಂದು ಸೋದರಮಾವ ತಮಾಷೆಗೆ ಕೇಳಿದ.

ಅಮೀರುನ್ನೀಸಾ ಮಗನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ.

"ಸಾವ್ಕಾರ್ರ ತಾತ, ಸ್ವಾಮಿ," ಎಂದಳು.